ಬೆಳೆಯುವ ಕಿವಿ, ಬದಲಾಗುವ ಅಭಿರುಚಿ

ಗದಗಿನ ಬೀದಿಯಲ್ಲಿ ಬಾಜಾ ಬಜಂತ್ರಿಯ ಮೆರವಣಿಗೆ ಹೊರಟಿತೆಂದರೆ ಆ ಹುಡುಗ ಮನೆಯಲ್ಲಿ ಇರುತ್ತಿರಲಿಲ್ಲ. ವಾದ್ಯದವರ ಹಿಂದೆಯೇ ನಡೆದು, ದಣಿದು, ಎಲ್ಲೋ ಒಂದು ಕಡೆ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಕೊನೆಗೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರಂತೆ. ಕಂಡವರು ಮನೆಗೆ ಮುಟ್ಟಿಸಲಿ ಎಂದು! ಆ ಹುಡುಗ ಮುಂದೆ ಪಂಡಿತ್ ಭೀಮಸೇನ ಜೋಶಿ (1922–2011) ಆದದ್ದು ಎಲ್ಲರಿಗೂ ಗೊತ್ತು.

ಇದನ್ನು ಸಾಮಾನ್ಯವಾಗಿ ಗಾಯಕನೊಬ್ಬನ ಬಾಲ್ಯದ ಕಥೆಯೆಂದು ಹೇಳುತ್ತಾರೆ. ಆದರೆ ಅದಕ್ಕಿಂತ ಮೊದಲು ಅದು ಕೇಳುಗನೊಬ್ಬನ ಕಥೆ. ಆರಂಭದಲ್ಲಿ ಆ ಕಿವಿಗೆ ಬೇಕಾಗಿದ್ದುದು ಬೀದಿಯ ಬಾಜಾ. ಮುಂದೆ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯೊಂದು ಕಿವಿಗೆ ಬಿತ್ತು. ಹನ್ನೊಂದರ ವಯಸ್ಸಿನಲ್ಲಿ ಹುಡುಗ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಊರೂರು ಅಲೆದು, ಕೊನೆಗೆ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಬಳಿ ನಿಂತ. ಕಿರಾಣಾ ಘರಾಣೆಯ ಖ್ಯಾಲ್ ಗಾಯನದಲ್ಲಿ ಕೀರ್ತಿಯ ಶಿಖರ ಮುಟ್ಟಿದ ಮೇಲೆ ಅದೇ ಕಂಠ ಕನ್ನಡದ ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಮನೆಮನೆಗೆ ಮುಟ್ಟಿಸಿತು. ಬಾಲ್ಯದಲ್ಲಿ ತಾಯಿಯ ಬಾಯಲ್ಲಿ ಕೇಳಿದ್ದು ಭಜನೆ, ದೇವರನಾಮಗಳನ್ನೇ ಅಲ್ಲವೆ?

ಎಲ್ಲರೂ ಭೀಮಸೇನ ಜೋಶಿ ಆಗುವುದಿಲ್ಲ. ಆದರೆ ಎಲ್ಲರ ಕಿವಿಯೂ ತನ್ನ ಮಟ್ಟಿಗೆ ಇಂಥದೊಂದು ಪ್ರಯಾಣ ಮಾಡುತ್ತದೆ. ಎಂಟನೆಯ ವಯಸ್ಸಿನಲ್ಲಿ ಕುಣಿಸಿದ ಹಾಡು ಹದಿನಾರಕ್ಕೆ ನಾಚಿಕೆ ತರುತ್ತದೆ. ಹದಿನಾರರ ಹಾಡನ್ನು ಮೂವತ್ತಕ್ಕೆ ಮರೆತಂತಿರುತ್ತೇವೆ. ಐವತ್ತಕ್ಕೆ ಅದೇ ಹಾಡು ಹೋಟೆಲಿನ ಮೂಲೆಯಿಂದ ತೇಲಿಬಂದರೆ ಕೈಯಲ್ಲಿನ ಕಾಫಿ ಲೋಟ ಹಾಗೆಯೇ ನಿಂತುಬಿಡುತ್ತದೆ. ಯಾಕೆ ಹೀಗೆ?

ತೊಟ್ಟಿಲಲ್ಲೇ ಮೊದಲ ಪಾಠ

ಅಭಿರುಚಿ ಹದಿಹರೆಯದಲ್ಲಿ ಹುಟ್ಟುತ್ತದೆ ಎಂದು ಪಾಲಕರು ತಿಳಿದಿರುತ್ತಾರೆ. ಏಕೆಂದರೆ ಜಗಳ ಶುರುವಾಗುವುದು ಆಗ. ಕಿವಿಯ ಶಿಕ್ಷಣ ಮಾತ್ರ ಅದಕ್ಕೂ ಬಹಳ ಮೊದಲೇ ನಡೆದಿರುತ್ತದೆ. ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಒಳ್ಳೆಯ ಸಾಕ್ಷಿ. ಪೂರ್ವ ಯುರೋಪಿನ ಬಾಲ್ಕನ್ ನಾಡುಗಳ ಜನಪದ ಸಂಗೀತದಲ್ಲಿ ಏಳರಂಥ ವಿಷಮ ಎಣಿಕೆಯ ಲಯಗಳಿವೆ. ಆ ಲಯದಲ್ಲಿ ತಪ್ಪು ಮಾಡಿ ಕೇಳಿಸಿದರೆ ಉತ್ತರ ಅಮೆರಿಕದ ದೊಡ್ಡವರಿಗೆ ಗೊತ್ತಾಗಲಿಲ್ಲ. ಆದರೆ ಅದೇ ನಾಡಿನ ಆರು ತಿಂಗಳ ಕೂಸುಗಳಿಗೆ ವ್ಯತ್ಯಾಸ ಗೊತ್ತಾಯಿತು! ಹನ್ನೆರಡು ತಿಂಗಳಾಗುವ ಹೊತ್ತಿಗೆ ಮಕ್ಕಳೂ ದೊಡ್ಡವರಂತೆ ಆಗಿಬಿಟ್ಟಿದ್ದವು. ಕೆಲವು ದಿನ ಆ ಸಂಗೀತವನ್ನು ಮನೆಯಲ್ಲಿ ಕೇಳಿಸಿದಾಗ ವರ್ಷದ ಮಗುವಿನ ಕಿವಿ ಮತ್ತೆ ತೆರೆದುಕೊಂಡಿತು. ದೊಡ್ಡವರ ಕಿವಿ ಅಷ್ಟರಿಂದ ತೆರೆಯಲಿಲ್ಲ.

ಮಿಶ್ರಛಾಪು ತಾಳದ ಏಳರ ನಡೆ ಕರ್ನಾಟಕದ ಎಷ್ಟೋ ಮನೆಗಳ ದೇವರಕೋಣೆಯಲ್ಲಿ ದಿನವೂ ಕೇಳಿಸುತ್ತ ಬಂದದ್ದೇ. ಅದನ್ನು ತೊಡೆಯ ಮೇಲೆ ಕೂತು ಕೇಳಿದ ಮಗುವಿಗೆ ತಾಳದ ಹೆಸರು ಗೊತ್ತಿರಬೇಕಿಲ್ಲ. ಅಜ್ಜಿ ಹಾಡುವ ಹಸೆಹಾಡು, ಪಕ್ಕದ ಮನೆಯ ಭಜನೆ, ಬಸ್ಸಿನ ಕ್ಯಾಸೆಟ್ಟು, ಗಣಪತಿ ಪೆಂಡಾಲಿನ ಮೈಕು, ಯಾರೂ ಕಲಿಸದೆ ಒಳಗೆ ಇಳಿದದ್ದೇ ಹೆಚ್ಚು.

‘ಇದೂ ಒಂದು ಹಾಡೇ?’

ಈಗ ಆ ಜಗಳಕ್ಕೆ ಬರೋಣ. ದೃಶ್ಯ ಯಾವ ಮನೆಯದಾದರೂ ಸರಿ. ಮಗಳ ಫೋನಿನಿಂದ ಸದ್ದು ಹೊರಡುತ್ತದೆ. ‘ಇದೂ ಒಂದು ಹಾಡೇನಮ್ಮಾ? ಕಿವಿಗೆ ಕಾದ ಸೀಸ ಹೊಯ್ದ ಹಾಗಿದೆ’ ಎನ್ನುತ್ತಾರೆ ಅಪ್ಪ. ‘ನಿಮ್ಮ ಹಾಡು ಕೇಳಿದ್ರೆ ನಿದ್ದೆ ಬರುತ್ತೆ ಅಪ್ಪಾ’ ಎನ್ನುತ್ತಾಳೆ ಮಗಳು. ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜ ಏನೂ ಹೇಳುವುದಿಲ್ಲ. ನಗುತ್ತಾರೆ ಅಷ್ಟೆ.

ಅವರು ನಗಲು ಕಾರಣವಿದೆ. 1987ರಲ್ಲಿ ‘ಪ್ರೇಮಲೋಕ’ ಬಂದು ಹಂಸಲೇಖ ಅವರ ಹಾಡುಗಳು ಕಾಲೇಜು ಕ್ಯಾಂಟೀನಿನಿಂದ ಖಾಸಗಿ ಬಸ್ಸಿನವರೆಗೆ ಎಲ್ಲೆಲ್ಲೂ ಮೊಳಗುತ್ತಿದ್ದಾಗ ಈ ಅಪ್ಪ ಪಿಯುಸಿ ಹುಡುಗ. ಕಾದ ಸೀಸದ ಮಾತು ಆಗ ಅಜ್ಜನ ಬಾಯಲ್ಲಿತ್ತು. ಆ ಅಜ್ಜನೋ, ಐವತ್ತರ ದಶಕದಲ್ಲಿ ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಇದ್ದವರ ಮನೆಯ ಕಿಟಕಿಗೆ ಕಿವಿಗೊಟ್ಟು ಸಿಲೋನಿನಿಂದ ಬರುತ್ತಿದ್ದ ‘ಬಿನಾಕಾ ಗೀತ್‌ಮಾಲಾ’ ಕೇಳಿ ಬೈಸಿಕೊಂಡವರು. ಬೈದವರು ಗುಬ್ಬಿ ವೀರಣ್ಣನವರ ಕಂಪನಿಯ ರಂಗಗೀತೆಗಳಿಗೆ ಮಾರುಹೋದವರು. ಅವರ ಅಪ್ಪನ ದೃಷ್ಟಿಯಲ್ಲಿ ನಾಟಕದ ಹಾಡು ಗುನುಗುವ ಹುಡುಗ ಕೆಟ್ಟನೆಂದೇ ಲೆಕ್ಕ. ಹಾಡು ಬದಲಾಗಿದೆ, ಬೈಗುಳ ಬದಲಾಗಿಲ್ಲ.

ಮನೆಯ ಹಿರಿಯರಷ್ಟೇ ಅಲ್ಲ, ಒಮ್ಮೆ ಸರ್ಕಾರವೇ ಈ ಅಪ್ಪನ ಪಾತ್ರ ವಹಿಸಿತ್ತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಸ್ವತಃ ಶಾಸ್ತ್ರೀಯ ಸಂಗೀತದ ಪ್ರೇಮಿ. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆಂಬುದು ಅವರ ದೃಢ ನಂಬಿಕೆ. ಆಕಾಶವಾಣಿಯಲ್ಲಿ ಚಿತ್ರಗೀತೆ ಮೊದಲು ಕಡಿಮೆಯಾಗಿ, ಆಮೇಲೆ ಬಹುತೇಕ ಮಾಯವೇ ಆಯಿತು. ಕೇಳುಗರು ಏನು ಮಾಡಿದರು? ರೇಡಿಯೊದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅಮೀನ್ ಸಯಾನಿಯವರ ಗೀತ್‌ಮಾಲಾ ಶುರುವಾದದ್ದೂ 1952ರ ಡಿಸೆಂಬರಿನಲ್ಲೇ. ಕೊನೆಗೆ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯನ್ನು ಆರಂಭಿಸಿ, ಬಾಗಿಲು ಹಾಕಿದ ಕೈಯೇ ಬಾಗಿಲು ತೆಗೆಯಬೇಕಾಯಿತು.

ಕೇಸ್ಕರ್ ಅವರನ್ನು ಹಾಸ್ಯ ಮಾಡಿ ಮುಗಿಸಿದರೆ ಅನ್ಯಾಯವಾದೀತು. ಅವರ ಕಾಲದಲ್ಲಿಯೇ ಆಕಾಶವಾಣಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ, ರೇಡಿಯೊ ಸಂಗೀತ ಸಮ್ಮೇಳನಗಳು ಆರಂಭವಾದವು. ಸಭಾಂಗಣದ ಮೆಟ್ಟಿಲು ಹತ್ತದ ಸಂಸಾರಗಳ ಪಡಸಾಲೆಗೂ ದೊಡ್ಡ ವಿದ್ವಾಂಸರ ಗಾಯನ ಬಂದದ್ದು ಹಾಗೆ. ಒತ್ತಾಯದಿಂದ ಕಿತ್ತುಕೊಂಡದ್ದು ಐದೇ ವರ್ಷದಲ್ಲಿ ವಾಪಸಾಯಿತು. ಸದ್ದಿಲ್ಲದೆ ಸೇರಿಸಿದ್ದು ಮಾತ್ರ ಕೇಳುಗರಲ್ಲಿ ನಿಂತಿತು. ಮಕ್ಕಳ ಸಂಗೀತದ ಬಗ್ಗೆ ತಲೆ ಕೆಡಿಸಿಕೊಂಡ ಪಾಲಕರು ಈ ಪ್ರಸಂಗವನ್ನು ಇನ್ನೊಮ್ಮೆ ಓದಬಹುದು.

ಇಪ್ಪತ್ತರ ಆಸುಪಾಸು

ಯೌವನದ ಹಾಡುಗಳೇ ಯಾಕೆ ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ? ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಅಮೆರಿಕದ ಸಂಶೋಧಕರು 1989ರಲ್ಲಿ ಇದನ್ನು ಅಳೆಯಲು ಹೊರಟರು. 1932ರಿಂದ 1986ರವರೆಗಿನ 28 ಜನಪ್ರಿಯ ಹಾಡುಗಳ ತುಣುಕುಗಳನ್ನು 16ರಿಂದ 86 ವರ್ಷದ 108 ಮಂದಿಗೆ ಕೇಳಿಸಿದರು. ತಮಗೆ ಸುಮಾರು ಇಪ್ಪತ್ತಮೂರೂವರೆ ವರ್ಷವಾಗಿದ್ದಾಗ ಬಂದ ಹಾಡುಗಳನ್ನು ಜನ ಅತಿ ಹೆಚ್ಚು ಮೆಚ್ಚುತ್ತಾರೆಂದು ಲೆಕ್ಕ ಹೊರಬಿತ್ತು. ಈಚಿನ ಅಧ್ಯಯನವೊಂದು ಈ ವಯಸ್ಸನ್ನು ಇನ್ನೂ ಕೆಳಗೆ, ಹದಿಹರೆಯಕ್ಕೇ ಇಳಿಸಿದೆ. ಮೊದಲ ಬಾರಿ ಊರು ಬಿಟ್ಟು ಹಾಸ್ಟೆಲ್ ಸೇರಿದ್ದು, ಮೊದಲ ಗೆಳೆತನ, ಮೊದಲ ಸೋಲು ಎಲ್ಲವೂ ಬರುವುದು ಆ ವರ್ಷಗಳಲ್ಲೇ. ಆಗಿನ ಹಾಡು ಬರಿಯ ಹಾಡಾಗಿ ಉಳಿಯುವುದಿಲ್ಲ, ಆ ದಿನಗಳ ಗುರುತಾಗುತ್ತದೆ. ‘ನಮ್ಮ ಕಾಲದ ಹಾಡೇ ಹಾಡು’ ಎನ್ನುವವರು ಅರ್ಧ ಹೊಗಳುವುದು ಹಾಡನ್ನು, ಇನ್ನರ್ಧ ತಮ್ಮ ವಯಸ್ಸನ್ನು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಕಂಡದ್ದು 2013ರಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ ಸುಮಾರು ಇಪ್ಪತ್ತು ವರ್ಷದ ತರುಣ ತರುಣಿಯರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡುಗಳು ಅವರಿಗೆ ಪ್ರಿಯವಾದದ್ದು ಸಹಜವೇ. ಆದರೆ ಅವರು ಹುಟ್ಟುವ ಮೊದಲೇ, 1980ರ ದಶಕದ ಆರಂಭದಲ್ಲಿ ಬಂದ ಹಾಡುಗಳ ಬಳಿಯೂ ರೇಖೆ ಮೇಲೇರಿತ್ತು! ಅದು ಅವರ ತಂದೆ ತಾಯಿಯರ ಯೌವನದ ಕಾಲ. ಅದಕ್ಕೂ ಹಿಂದೆ, ಅರವತ್ತರ ದಶಕದ ಹಾಡುಗಳ ಬಳಿ ಇನ್ನೊಂದು ಏರು. ಅದು ಅಜ್ಜ ಅಜ್ಜಿಯರ ಮನೆಯಿಂದ ಬಂದದ್ದಿರಬಹುದೆಂದು ಸಂಶೋಧಕರ ಊಹೆ. ಎಂದರೆ, ‘ನಿದ್ದೆ ಬರುತ್ತೆ’ ಎಂದ ಮಗಳು ಅಪ್ಪನ ಹಾಡನ್ನು ಕೇಳಿಸಿಕೊಳ್ಳದೆ ಬಿಟ್ಟಿರಲಿಲ್ಲ.

ದಾರಿ ತಿರುಗುವುದು ಎಲ್ಲಿ?

ಇಪ್ಪತ್ತರಲ್ಲೇ ಎಲ್ಲ ಮುಗಿಯಿತು ಎಂದುಕೊಂಡರೆ ಅದೂ ತಪ್ಪು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲ್ಯದಲ್ಲೇ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ಬೆರಗು ಹುಟ್ಟಿಸಿದವರು. ಇಪ್ಪತ್ತರ ದಶಕದಲ್ಲಿರುವಾಗಲೇ ಕ್ಷಯ ಅಂಟಿತು. ಚಿಕಿತ್ಸೆಗೆಂದು 1948ರಲ್ಲಿ ಮಧ್ಯ ಭಾರತದ ದೇವಾಸ್‌ಗೆ ಹೋದರು. ವರ್ಷಗಟ್ಟಲೆ ಹಾಡುವಂತಿಲ್ಲ, ಮಲಗಿ ಕೇಳುವುದಷ್ಟೇ. ಕೇಳಿಸುತ್ತಿದ್ದುದು ಸುತ್ತಲಿನ ಮಾಳವ ಸೀಮೆಯ ಜನಪದ ಹಾಡುಗಳು. ಎದ್ದು ಕೂತು ಮತ್ತೆ ವೇದಿಕೆಗೆ ಬಂದಾಗ ಅವರ ಗಾಯನವೇ ಬೇರೆಯಾಗಿತ್ತು. ಜನಪದ ಧುನ್‌ಗಳಿಂದ ಹೊಸ ರಾಗಗಳು ಹುಟ್ಟಿದ್ದವು. ಕಬೀರನ ನಿರ್ಗುಣ ಭಜನೆಗಳಿಗೆ ಅವರು ಕೊಟ್ಟ ರೂಪ ಇಂದಿಗೂ ಕೇಳುಗರನ್ನು ಹಿಡಿದಿಟ್ಟಿದೆ. ಹಾಡಲಾಗದ ಆ ವರ್ಷಗಳಲ್ಲಿ ಅವರು ಬರಿಯ ಕೇಳುಗರಾಗಿದ್ದರು ಎಂಬುದನ್ನು ಮರೆಯುವಂತಿಲ್ಲ.

ಸಾಮಾನ್ಯ ಕೇಳುಗರಿಗೆ ಇಂಥ ತಿರುವು ಬರುವುದು ಬಹಳ ಸಲ ಸಿನಿಮಾ ಹಾಡಿನ ಬಾಗಿಲಿನಿಂದ. ‘ಜೀವನ ಚೈತ್ರ’ದಲ್ಲಿ (1992) ಡಾ. ರಾಜಕುಮಾರ್ ತೋಡಿ ರಾಗದ ಹಾಡನ್ನು ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು. ‘ಪ್ರೇಮಲೋಕ’ ಕೊಟ್ಟ ಹಂಸಲೇಖ ಅವರೇ ಎಂಟು ವರ್ಷದ ಬಳಿಕ ಗದಗಿನ ಪಂಚಾಕ್ಷರಿ ಗವಾಯಿಗಳ ಜೀವನದ ಚಿತ್ರಕ್ಕೆ ಹಿಂದುಸ್ತಾನಿ ಸಂಗೀತ ಅಳವಡಿಸಿ 1995ರ ರಾಷ್ಟ್ರಪ್ರಶಸ್ತಿ ಪಡೆದರು. ಅದೇ ಚಿತ್ರದ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಪ್ರಶಸ್ತಿ ಬಂತು. ಪಿಯುಸಿ ಹುಡುಗ ಇಪ್ಪತ್ತೈದರ ಯುವಕನಾಗುವಷ್ಟರಲ್ಲಿ ಅವನ ಸಂಗೀತ ನಿರ್ದೇಶಕನೂ ಅವನನ್ನು ಇನ್ನೊಂದು ಊರಿಗೆ ಕರೆದೊಯ್ದಿದ್ದ. ಭಾವಗೀತೆಗಳೂ ಇದೇ ಕೆಲಸ ಮಾಡಿವೆ. 1978ರಲ್ಲಿ ಬಂದ, ಮೈಸೂರು ಅನಂತಸ್ವಾಮಿಯವರ ಸಂಗೀತದ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ನಿಸಾರ್ ಅಹಮದ್ ಅವರ ಕಾವ್ಯದ ಕಡೆಗೆ ಹೊರಳಿದವರು ಒಬ್ಬಿಬ್ಬರಲ್ಲ.

ನಡುವಯಸ್ಸಿನಲ್ಲಿ ಸಂಸಾರ, ಸಾಲ, ವರ್ಗಾವಣೆಗಳ ನಡುವೆ ಸಂಗೀತಕ್ಕೆ ಜಾಗ ಕಡಿಮೆಯಾಗುತ್ತದೆ. ಅಬ್ಬರದ ಸಂಗೀತದ ಮೋಹವೂ ಇಳಿಯುತ್ತದೆ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಆಧರಿಸಿದ 2013ರ ಮತ್ತೊಂದು ಅಧ್ಯಯನ ಹೇಳಿದ್ದೂ ಇದನ್ನೇ.

ಮುದಿ ಕಿವಿಯ ದೂರು

‘ಈಗಿನ ಹಾಡಿನಲ್ಲಿ ಸಾಹಿತ್ಯವೇ ಕೇಳಿಸುವುದಿಲ್ಲ’ ಎಂಬ ಹಿರಿಯರ ದೂರಿಗೆ ದೇಹಶಾಸ್ತ್ರದ ಕಾರಣವೊಂದಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಕದ ಸದ್ದುಗಳನ್ನು. ‘ಸ’, ‘ಶ’, ‘ತ’ದಂಥ ವ್ಯಂಜನಗಳ ಮೊನೆ ಇರುವುದು ಅಲ್ಲೇ. ಹಿಂದೆ ಹತ್ತಾರು ವಾದ್ಯ ಮೊಳಗುತ್ತಿದ್ದರೆ ಮಾತು ಕರಗಿಹೋಗುತ್ತದೆ. ತಂಬೂರಿ, ತಬಲಾ, ಒಂದು ಕಂಠ ಇದ್ದರೆ ಕೇಳುವುದು ಸುಲಭ. ಹಾಗೆಂದು ತಪ್ಪೆಲ್ಲ ಕಿವಿಯದೇ ಎನ್ನುವಂತಿಲ್ಲ, ಮಾತನ್ನು ಮುಳುಗಿಸಿಯೇ ಧ್ವನಿಮುದ್ರಣ ಮಾಡುವವರೂ ಇದ್ದಾರೆ. ಸದಾ ಇಯರ್‌ಫೋನಿನ ಸದ್ದು ಏರಿಸಿ ಕೇಳುವ ತರುಣರಿಗೆ ಈ ಮುಪ್ಪು ಬೇಗ ಬರುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್, ಮಕ್ಕಳಿಗೆ 75.

ಕೊನೆಯವರೆಗೆ ಉಳಿಯುವುದೂ ಹಾಡೇ. ಮರೆವಿನ ಕಾಯಿಲೆಯಿಂದ ಮಕ್ಕಳ ಹೆಸರು ತೊದಲುವ ಹಿರಿಯರು ಬಾಲ್ಯದ ಹಾಡೊಂದನ್ನು ಸಾಲು ತಪ್ಪದೆ ಹಾಡುವುದನ್ನು ವೈದ್ಯರೂ ಮನೆಯವರೂ ಕಂಡಿದ್ದಾರೆ.

ಪಡಸಾಲೆಯಲ್ಲಿ ಒಂದೇ ರೇಡಿಯೊ ಇದ್ದ ಕಾಲದಲ್ಲಿ ಬೇಡವೆಂದರೂ ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದಲ್ಲಿಂದ ಆ ಪಡಸಾಲೆ ಒಡೆಯುತ್ತ ಬಂತು. ಈಗ ನಾಲ್ವರಿರುವ ಮನೆಯಲ್ಲಿ ನಾಲ್ಕು ಫೋನು, ನಾಲ್ಕು ಜೊತೆ ಇಯರ್‌ಫೋನು. ಜಗಳ ಕಡಿಮೆಯಾಗಿದೆ, ನಿಜ. ಆದರೆ ಅಪ್ಪನ ಹಾಡು ಮಗಳ ಕಿವಿಗೆ ಬೀಳುವ ದಾರಿಯೂ ಮುಚ್ಚಿದೆ. ಮಗಳು ಏನು ಕೇಳುತ್ತಾಳೆಂಬುದು ಅಪ್ಪನಿಗೆ ತಿಳಿಯುವುದಿಲ್ಲ. ಕಾರ್ನೆಲ್‌ನ ಆ ಪ್ರಯೋಗವನ್ನು ಇನ್ನು ಇಪ್ಪತ್ತು ವರ್ಷ ಬಿಟ್ಟು ಮತ್ತೆ ಮಾಡಿದರೆ ತಂದೆ ತಾಯಿಯರ ಕಾಲದ ಹಾಡುಗಳ ಬಳಿ ರೇಖೆ ಏರೀತೆ?

ಎಲ್ಲರೂ ಒಂದೇ ಹಾಡು ಕೇಳುವ ಜಾಗವೆಂದು ಈಗ ಉಳಿದಿರುವುದು ಕಾರು ಮಾತ್ರವೇನೋ. ಬೆಂಗಳೂರಿನಿಂದ ಧಾರವಾಡಕ್ಕೆ ರಜೆಗೆ ಹೊರಟ ಸಂಸಾರದ ಒಪ್ಪಂದ ಹೀಗೂ ಇರಬಹುದು: ತುಮಕೂರಿನವರೆಗೆ ಮಗಳ ಹಾಡು, ಚಿತ್ರದುರ್ಗದವರೆಗೆ ಅಪ್ಪನದು, ಅಲ್ಲಿಂದ ದಾವಣಗೆರೆಯವರೆಗೆ ಅಮ್ಮನದು, ಆಮೇಲೆ ಅಜ್ಜನದು. ಹಾವೇರಿ ಹತ್ತಿರ ಬರುವಾಗ ಅಜ್ಜ ನಿದ್ದೆ ಹೋಗಿರುತ್ತಾರೆ. ಹಾಡು ಬದಲಿಸಲು ಕೈ ಚಾಚಿದ ಅಪ್ಪನಿಗೆ ಹಿಂದಿನ ಸೀಟಿನಿಂದ ಮಗಳು ಹೇಳುತ್ತಾಳೆ: ‘ಇರಲಿ ಬಿಡಿ ಅಪ್ಪಾ, ಇದು ಮುಗೀಲಿ.’