ಉಂಗುರ ಹೊತ್ತವನ ಸೋಲು

ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕಾದಂಬರಿಯ ನಾಯಕ ಫ್ರೋಡೊ ವೀರನೇನಲ್ಲ. ಊರು ಬಿಡಲು ಮನಸ್ಸಿಲ್ಲದ ಕುಳ್ಳ. ಆದರೂ ದುಷ್ಟಶಕ್ತಿಯ ಉಂಗುರವನ್ನು ಅದು ಹುಟ್ಟಿದ ಬೆಂಕಿಬೆಟ್ಟದಲ್ಲೇ ಎಸೆದು ಬರಲು ಒಪ್ಪುತ್ತಾನೆ. ಉಂಗುರದ ಭಾರ ಚಿನ್ನದ್ದಲ್ಲ, ಆಸೆಯದ್ದು. ಹೆಜ್ಜೆ ಹೆಜ್ಜೆಗೂ ಅದು ಹೊತ್ತವನ ಮನಸ್ಸನ್ನೇ ತಿನ್ನುತ್ತದೆ.

ವಿಚಿತ್ರವೆಂದರೆ, ಬೆಂಕಿಯ ಮುಂದೆ ನಿಂತಾಗ ಫ್ರೋಡೊ ಸೋಲುತ್ತಾನೆ. ಉಂಗುರ ತನ್ನದೆಂದು ಬೆರಳಿಗೆ ತೊಡುತ್ತಾನೆ. ಅದನ್ನು ಹಿಂದೆ ಇಟ್ಟುಕೊಂಡಿದ್ದ ಗೊಲ್ಲಮ್ ಆ ಬೆರಳನ್ನೇ ಕಚ್ಚಿ ಕಿತ್ತು, ಉಂಗುರದ ಸಮೇತ ಬೆಂಕಿಗೆ ಬೀಳುತ್ತಾನೆ. ದಾರಿಯಲ್ಲಿ ಕೈಗೆ ಸಿಕ್ಕ ಇದೇ ಗೊಲ್ಲಮ್‌ನನ್ನು ಫ್ರೋಡೊ ಕನಿಕರದಿಂದ ಕೊಲ್ಲದೆ ಬಿಟ್ಟಿದ್ದ. ಹಾಗಾದರೆ ನಿಜವಾದ ಪರೀಕ್ಷೆ ನಡೆದದ್ದು ಬೆಂಕಿಯ ಮುಂದೋ, ದಾರಿಯಲ್ಲೋ?

ಫ್ರೋಡೊನದು ನೈತಿಕ ಸೋಲಲ್ಲ, ಆ ಭಾರ ಯಾರೂ ತಡೆಯಲಾಗದ್ದು ಎಂದು ಟೋಲ್ಕಿನ್ ಪತ್ರಗಳಲ್ಲಿ ವಾದಿಸಿದ್ದಾರೆ. 1916ರ ಸೋಮ್ ಕದನದ ಕಂದಕಗಳನ್ನು ಕಂಡವರ ಮಾತಿದು. ಊರಿಗೆ ಮರಳಿದರೂ ಫ್ರೋಡೊನ ಗಾಯ ಮಾಯುವುದಿಲ್ಲ. ಕೊನೆಗೆ ಆತ ಹಡಗು ಹತ್ತಿ ಹೊರಟೇಬಿಡುತ್ತಾನೆ.