ಒದ್ದೆ ರಸ್ತೆ, ಒದ್ದೆ ಮರ: ಶಿಕಾರಿಪುರ–ಸೊರಬ ದಾರಿಯಲ್ಲಿ ಘರ್ಷಣೆಯ ಪಾಠ

ಗೋಡೆಗೆ ಒರಗಿಸಿಟ್ಟ ಏಣಿಯ ಲೆಕ್ಕವನ್ನು ನಾವೆಲ್ಲ ಫಸ್ಟ್ ಇಯರ್‌ನಲ್ಲಿ ಬಿಡಿಸಿದ್ದೇವೆ. ಮ್ಯೂ ಬೆಲೆ ಅವರೇ ಕೊಟ್ಟಿರ್ತಾರೆ, ಸೂತ್ರಕ್ಕೆ ಹಾಕಿ ಉತ್ತರದ ಕೆಳಗೆ ಎರಡು ಗೆರೆ ಎಳೆದ್ರೆ ಮುಗೀತು. ಏಣಿ ಜಾರಿದ್ರೂ ನಮಗೇನೂ ಪೆಟ್ಟಾಗಲ್ಲ.

ಕಳೆದ ಜುಲೈನಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬದ ಕಡೆ ಗೆಳೆಯನ ಮನೆಗೆ ಎರಡು ಬೈಕಲ್ಲಿ ಹೊರಟಿದ್ವಿ. ಜಿಟಿಜಿಟಿ ಮಳೆ. ತಿರುವಿನಲ್ಲಿ ಎಮ್ಮೆಗಳು ರಸ್ತೆ ದಾಟ್ತಿದ್ವು. ಹಳೇ ಬೈಕಿನವನು ಗಾಬರಿಯಲ್ಲಿ ಹಿಂದಿನ ಬ್ರೇಕನ್ನು ಪೂರ್ತಿ ತುಳಿದ. ಚಕ್ರ ಲಾಕ್ ಆಯ್ತು, ಬೈಕ್ ಅಡ್ಡ ತಿರುಗಿ ಜಾರುತ್ತಾ ಹೋಗಿ ಚರಂಡಿಯ ಅಂಚಿಗೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆ ತಲುಪೋವರೆಗೂ ಯಾರೂ ಮಾತಾಡಲಿಲ್ಲ. ಅಲ್ಲಿ ನಡೆದದ್ದೇನು ಅಂತ ಆಮೇಲೆ ಕೂತು ಯೋಚಿಸಿದ್ವಿ.

ಎರಡು ಮೇಲ್ಮೈಗಳು ಒಂದನ್ನೊಂದು ಒತ್ತಿಕೊಂಡಿರುವಾಗ, ಅವು ಪರಸ್ಪರ ಜಾರದಂತೆ ತಡೆಯುವ ಬಲವೇ ಘರ್ಷಣೆ. ಎಷ್ಟೇ ನಯವಾಗಿ ಕಂಡರೂ ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಬ್ಬುತಗ್ಗು ಇದ್ದೇ ಇರುತ್ತೆ. ನಿಜವಾಗಿ ತಾಗೋದು ಆ ಉಬ್ಬುಗಳ ತುದಿಗಳು ಮಾತ್ರ. ಹೆಚ್ಚು ಒತ್ತಿದಷ್ಟೂ ಹೆಚ್ಚು ತುದಿಗಳು ತಾಗ್ತವೆ, ಘರ್ಷಣೆಯೂ ಹೆಚ್ಚಾಗುತ್ತೆ. ಒತ್ತುವ ಬಲಕ್ಕೆ ಘರ್ಷಣೆ ಅನುಪಾತದಲ್ಲಿರುತ್ತೆ ಅಂತ ಫ್ರಾನ್ಸಿನ ಅಮಾಂಟನ್ಸ್ 1699ರಲ್ಲೇ ಹೇಳಿದ್ದ. ಆ ಅನುಪಾತದ ಸಂಖ್ಯೆಯೇ ನಮ್ಮ ಮ್ಯೂ.

ಜಾರೋದಕ್ಕೆ ಮುಂಚೆ ಕೆಲಸ ಮಾಡೋದು ಸ್ಥಾಯಿ ಘರ್ಷಣೆ. ಜಾರೋಕೆ ಶುರುವಾದ ಮೇಲೆ ಇರೋದು ಜಾರು ಘರ್ಷಣೆ, ಇದು ಸಾಮಾನ್ಯವಾಗಿ ಕಡಿಮೆ. ಭಾರದ ಬೀರು ತಳ್ಳುವಾಗ ಮೊದಲು ಅಲುಗಾಡಿಸೋದೇ ಕಷ್ಟ, ಹೊರಟ ಮೇಲೆ ಸಲೀಸು, ಅಲ್ವಾ? ಅದೇ ಇದು.

ಈಗ ಚಕ್ರ ನೋಡಿ. ಬೈಕ್ ಓಡ್ತಿದ್ರೂ, ಉರುಳುವ ಟೈರಿನ ನೆಲಕ್ಕೆ ತಾಗಿದ ಭಾಗ ಆ ಕ್ಷಣಕ್ಕೆ ನೆಲದ ಮೇಲೆ ನಿಂತೇ ಇರುತ್ತೆ. ಅಂದ್ರೆ ಅಲ್ಲಿರೋದು ಸ್ಥಾಯಿ ಘರ್ಷಣೆ. ಚಕ್ರ ಲಾಕ್ ಆದ ಕೂಡಲೇ ಅದು ಜಾರು ಘರ್ಷಣೆ ಆಗುತ್ತೆ. ಹಿಡಿತವೂ ಕಡಿಮೆ, ದಿಕ್ಕೂ ಕೈಯಲ್ಲಿರಲ್ಲ. ಮೇಲಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ನೆಲವನ್ನು ಒತ್ತೋದೂ ಕಡಿಮೆಯಾಗುತ್ತೆ. ಹಿಂದಿನ ಬ್ರೇಕ್ ಒಂದನ್ನೇ ನಂಬೋದು ಅದಕ್ಕೇ ತಪ್ಪು. ಎಬಿಎಸ್ ಮಾಡೋದು ಇಷ್ಟೇ: ಚಕ್ರ ಲಾಕ್ ಆಗೋ ಹೊತ್ತಿಗೆ ಬ್ರೇಕನ್ನು ಕ್ಷಣ ಬಿಟ್ಟು ಮತ್ತೆ ಹಿಡಿದು, ಚಕ್ರ ಉರುಳುತ್ತಲೇ ಇರುವಂತೆ ನೋಡಿಕೊಳ್ಳುತ್ತೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಅದು ಕಡ್ಡಾಯ. ನಮ್ಮ ಹಳೇ ಬೈಕಿಗೆ ಅದಿರಲಿಲ್ಲ.

ಲೆಕ್ಕ ಹಾಕಿ ನೋಡೋಣ. ವೇಗ ಗಂಟೆಗೆ 60 ಕಿ.ಮೀ., ಅಂದ್ರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಎರಡೂ ಬ್ರೇಕ್ ಸರಿಯಾಗಿ ಹಿಡಿದಿದ್ದೀವಿ ಅಂದುಕೊಳ್ಳಿ. ಒಣ ರಸ್ತೆಗೆ ಮ್ಯೂ 0.7 ಇಟ್ಟರೆ ನಿಲ್ಲೋಕೆ 20 ಮೀಟರ್ ಬೇಕು. ಮಳೆಗೆ ಅದು ಅರ್ಧ, 0.35 ಆದ್ರೆ 40 ಮೀಟರ್. ಎಮ್ಮೆ ಕಂಡು ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ಹಿಡಿದ್ರೆ ಇನ್ನೂ 17 ಮೀಟರ್ ಸೇರಿಸಿ. ಟೈರಿನ ಗೀರುಗಳು ಇರೋದು ಮಧ್ಯದ ನೀರನ್ನು ಆಚೆ ತಳ್ಳೋಕೆ. ಸವೆದ ಟೈರಿನ ಕೆಳಗೆ ನೀರು ಪದರವಾಗಿ ಉಳಿದುಬಿಟ್ಟರೆ ರಬ್ಬರಿಗೆ ರಸ್ತೆಯೇ ಸಿಗಲ್ಲ.

ಗೆಳೆಯನ ಮನೇಲಿ ಎರಡನೇ ಪಾಠ ಕಾದಿತ್ತು. ಅವನ ದೊಡ್ಡಪ್ಪ ಅಡಿಕೆ ಮರ ಹತ್ತೋರು. ಕೊಳೆರೋಗಕ್ಕೆ ಬೋರ್ಡೋ ಔಷಧಿಯನ್ನು ಮಳೆಗಾಲದ ಮಧ್ಯೆಯೇ ಹೊಡೀಬೇಕು, ಅಂದ್ರೆ ಕಾಂಡದ ಮೇಲೆ ಪಾಚಿ, ನೀರು ಇರುವಾಗಲೇ. ನಮ್ಮ ಜಾರಿದ ಕಥೆ ಕೇಳಿ ಅವರು ಅಂದಿದ್ದು: "ಒಣ ಮರ ನಮ್ಮನ್ನ ಹಿಡ್ಕಂತದೆ. ಒದ್ದೆ ಮರನ ನಾವೇ ಹಿಡ್ಕಬೇಕು ಕಣ್ರೋ."

ಇದನ್ನೇ ಲೆಕ್ಕದಲ್ಲಿ ಹೇಳಬಹುದು. ನೆಟ್ಟಗಿನ ಮರದಲ್ಲಿ ನಮ್ಮ ತೂಕ ಕಾಂಡವನ್ನು ತಾನಾಗೇ ಒತ್ತಲ್ಲ, ಒತ್ತಡವನ್ನು ಪಾದಗಳೇ ಕೊಡಬೇಕು. ಅರವತ್ತು ಕೆ.ಜಿ. ಮನುಷ್ಯನ ತೂಕ ಸುಮಾರು 600 ನ್ಯೂಟನ್. ಎರಡೂ ಪಾದ ಎರಡು ಕಡೆಯಿಂದ ಒತ್ತಿ ಅಷ್ಟನ್ನೂ ಹೊರ್ತವೆ ಅಂದುಕೊಂಡರೆ, ಮ್ಯೂ 0.6 ಇದ್ದಾಗ ಒಂದೊಂದು ಪಾದ 500 ನ್ಯೂಟನ್ ಒತ್ತಬೇಕು. ಮ್ಯೂ 0.3ಕ್ಕೆ ಇಳಿದ್ರೆ 1000 ನ್ಯೂಟನ್. ಅದೇ ಕಾಲು, ಅದೇ ಮರ, ಶ್ರಮ ಎರಡು ಪಟ್ಟು. ಸುಸ್ತಾಗಿ ಪಟ್ಟು ಸಡಿಲಿಸಿದ್ರೆ ಕೆಳಗೆ ನೆಲ. ಈಗ ನೆಲದ ಮೇಲೆ ನಿಂತೇ ಔಷಧಿ ಹೊಡೆಯೋಕೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬಂಟ್ವಾಳ ಕಡೆಯ ಕೃಷಿಕ ಗಣಪತಿ ಭಟ್ಟರ ಮರ ಹತ್ತುವ ಯಂತ್ರವೂ 2019ರಲ್ಲಿ ಸುದ್ದಿಯಾಗಿತ್ತು. ಅದರಲ್ಲೂ ಚಕ್ರಗಳು ಕಾಂಡವನ್ನು ಬಿಗಿಯಾಗಿ ಅಪ್ಪಿಕೊಂಡೇ ಮೇಲೇರಬೇಕು.

ಇನ್ನೆರಡು ಬಗೆ ಅವರ ಕೊಟ್ಟಿಗೆಯಲ್ಲೇ ಸಿಕ್ತು. ಗಾಡಿಯ ಗಾಲಿಗೆ ಇರೋದು ಉರುಳು ಘರ್ಷಣೆ. ಜಾರೋದಕ್ಕಿಂತ ಬಹಳ ಕಡಿಮೆ ಇರೋದ್ರಿಂದಲೇ ಎತ್ತುಗಳು ಅಷ್ಟು ಮೂಟೆ ಎಳೆಯೋದು. ಅಚ್ಚಿಗೆ ಕೀಲೆಣ್ಣೆ ಹಚ್ಚಿದಾಗ ಲೋಹ ಲೋಹಕ್ಕೆ ಉಜ್ಜೋ ಬದಲು ಎಣ್ಣೆಯ ಪದರಗಳು ಒಂದರ ಮೇಲೊಂದು ಸರೀತವೆ. ಅದು ತರಲ ಘರ್ಷಣೆ. ಅಚ್ಚಿನಲ್ಲಿ ನಾವೇ ಬೇಕಂತ ಮಾಡೋ ಈ ಪದರವನ್ನು ರಸ್ತೆಯಲ್ಲಿ ಮಳೆ ಬೇಡದಿದ್ದರೂ ಮಾಡುತ್ತೆ.

ವಾಪಸ್ ಬರುವಾಗ ಬಳ್ಳಿಗಾವಿಯಲ್ಲಿ ಇಳಿದ್ವಿ. ಕಲ್ಯಾಣ ಚಾಲುಕ್ಯರ ಕಾಲದ ಕೇದಾರೇಶ್ವರ ದೇವಸ್ಥಾನದ ಕಂಬಗಳಲ್ಲಿ ಲೇತ್ ಕೆಲಸದಂಥ ಉಂಗುರಗಳಿವೆ, ಮೈ ನುಣುಪಾಗಿದೆ. ಕಲ್ಲನ್ನು ಉಜ್ಜಿ ಉಜ್ಜಿ ಆ ನುಣುಪು ತಂದದ್ದೂ ಘರ್ಷಣೆಯೇ. ನಮ್ಮ ವರ್ಕ್‌ಶಾಪಿನ ಲೇತ್ ನೆನಪಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತ್ವಿ.

ಹಾಸ್ಟೆಲ್‌ಗೆ ಬಂದು ಮೊದಲು ಮಾಡಿದ ಕೆಲಸ, ಆ ಬೈಕಿನ ಹಿಂದಿನ ಟೈರ್ ಬದಲಾಯಿಸಿದ್ದು. ಗೀರು ಎಲ್ಲಿತ್ತು ಅಂತ ಬೆರಳಾಡಿಸಿ ಹುಡುಕಬೇಕಿತ್ತು. ನೀವೂ ಇವತ್ತು ಸಂಜೆ ಪಾರ್ಕಿಂಗ್‌ಗೆ ಹೋದಾಗ ಒಮ್ಮೆ ಬಗ್ಗಿ ನೋಡಿ.