ಕಡಲ್ಗಳ್ಳ: ಹೆಸರಿಟ್ಟವರು ಯಾರು?

ಉಮ್ಮಚಗಿಯಲ್ಲಿ ಕಡಲಿಲ್ಲ. ಅಂಗಳದಲ್ಲಿ ಒಣಗುವ ಕಾಳುಮೆಣಸು ಇದೆ. ಘಟ್ಟದ ಮೇಲಿನ ಈ ಮೆಣಸೇ ಒಂದು ಕಾಲದಲ್ಲಿ ಹೊನ್ನಾವರದಂಥ ಬಂದರುಗಳಿಗೆ ಇಳಿದು ಹಡಗು ಹತ್ತುತ್ತಿತ್ತು. ಮೊನ್ನೆ ಮೆಣಸು ಕೆದರುತ್ತಾ ಕೂತಿದ್ದಾಗ ನಮ್ಮ ಮನೆಯ ಹುಡುಗ ಪುಸ್ತಕ ಹಿಡ್ಕೊಂಡು ಬಂದ. "ಉಪ್ಪಾ, ಕುಂಞಾಲಿ ಮರಕ್ಕಾರ್ ಕಡಲ್ಗಳ್ಳನಂತೆ. ಅವರು ನಮ್ಮವರಲ್ವಾ?"

ಪದದ ಅರ್ಥ ಸುಲಭ. ಕಡಲು ಮತ್ತು ಕಳ್ಳ ಕೂಡಿದಾಗ ಕಕಾರ ಗಕಾರವಾಗಿ ಕಡಲ್ಗಳ್ಳ. ಅರಬಿಯಲ್ಲಿ ಇವನು 'ಖುರ್ಸಾನ್'. ಅದು ಅರಬಿಯ ಸ್ವಂತ ಪದ ಅಲ್ಲ, ಇಟಲಿಯವರ ಮಾತಿನಿಂದ ಬಂದದ್ದು. ಅದರ ಬೇರು ಲ್ಯಾಟಿನ್‌ನ 'ಕುರ್ಸುಸ್', ಅಂದರೆ ಓಟ. ಕಡಲಲ್ಲಿ ಓಡಿಬಂದು ಮೇಲೆ ಬೀಳುವವನಿಗೆ ಆ ಹೆಸರು ನಿಂತಿತು. ಪೋರ್ಚುಗೀಸರ 'ಕೊರ್ಸಾರಿಯೊ' ಕೂಡ ಅದೇ ಬೇರಿನದು.

ನಮ್ಮ ಕರಾವಳಿಯಲ್ಲಿ ನಿಜವಾದ ಕಳ್ಳರೇ ಇರಲಿಲ್ಲ ಅಂತಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರ, ಬಾರ್ಕೂರುಗಳ ನಡುವಿನ ಪುಟ್ಟ ದ್ವೀಪದ ಹತ್ತಿರ 12 ಹಡಗುಗಳವರ ಕೈಗೆ ಸಿಕ್ಕಿ, ಉಟ್ಟ ಇಜಾರೊಂದನ್ನು ಬಿಟ್ಟು ಎಲ್ಲವನ್ನೂ ಕಳಕೊಂಡರು.

ಪೋರ್ಚುಗೀಸರು ಬಂದ ಮೇಲೆ ಪದದ ಲೆಕ್ಕವೇ ಬದಲಾಯಿತು. ಅವರು ಕೊಡುವ 'ಕರ್ತಾಜ್' ಎಂಬ ರಹದಾರಿ ಇಲ್ಲದ ಹಡಗನ್ನು ಅವರು ಹಿಡಿಯಬಹುದು. ನಾವು ಖುರ್‌ಆನಿನಲ್ಲಿ ಓದುವ, ಕಾಗದ ಎಂಬ ಅರ್ಥದ 'ಖಿರ್ತಾಸ್' ಮತ್ತು ಈ ಕರ್ತಾಜ್ ಒಂದೇ ಬೇರಿನವು. ಆ ಕಾಗದಕ್ಕೆ ತಲೆಬಾಗದೆ ಎದುರು ನಿಂತವನನ್ನು ಅವರು ಕಡಲ್ಗಳ್ಳ ಎಂದು ಬರೆದರು. ಹೊನ್ನಾವರದ ತಿಮ್ಮಯ್ಯನಿಗೂ ಮೊದಲು ಅದೇ ಹೆಸರು. 1510ರಲ್ಲಿ ಗೋವಾ ಹಿಡಿಯಲು ಅಲ್ಬುಕರ್ಕ್‌ಗೆ ಅವನೇ ನೆರವಾದ, ಆಗ ಅವನು ಗೆಳೆಯ! ಕೋಯಿಕ್ಕೋಡಿನ ಸಾಮೂದಿರಿಯ ನೌಕಾಪಡೆ ನಡೆಸಿದ ಕುಂಞಾಲಿಗಳು ಮಾತ್ರ ಅವರ ಬರಹದಲ್ಲಿ ಕಳ್ಳರಾಗಿಯೇ ಉಳಿದರು. ಕೊನೆಗೆ ಸಾಮೂದಿರಿಯೂ ಪೋರ್ಚುಗೀಸರ ಜೊತೆ ಸೇರಿದರು. ನಾಲ್ಕನೇ ಕುಂಞಾಲಿಯನ್ನು 1600ರಲ್ಲಿ ಗೋವಾದಲ್ಲಿ ಕೊಂದರು.

ಕುಂಞಾಲಿಗಳು ಹಡಗು ಹಿಡಿಯಲಿಲ್ಲ ಅಂತ ನಾವು ಹೇಳ್ತಿಲ್ಲ. ಆದರೆ 1502ರಲ್ಲಿ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ದೋಚಿ, ಹೆಂಗಸರ ಸಮೇತ ಸುಟ್ಟ ವಾಸ್ಕೋ ಡ ಗಾಮನನ್ನು ನಾವು ಶಾಲೆಯಲ್ಲಿ ಓದಿದ್ದು ಮಹಾ ನಾವಿಕ ಎಂದು.

ಹುಡುಗನಿಗೆ ಇಷ್ಟೇ ಹೇಳಿದೆವು: "ಕದ್ದವನು ನಮ್ಮವನಾದರೂ ಕಳ್ಳನೇ ಮಗಾ. ಆದ್ರೆ ಯಾರನ್ನಾದ್ರೂ ಕಳ್ಳ ಅಂತ ಓದಿದಾಗ, ಆ ಹೆಸರು ಇಟ್ಟವರು ಯಾರು ಅಂತಲೂ ಒಮ್ಮೆ ಕೇಳು."